ಉತ್ತರ ಕೊಟ್ಟವರು ಯಾರು?

1691ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ 'ಅಥೀನಿಯನ್ ಮರ್ಕ್ಯುರಿ' ಎಂಬ ಪತ್ರಿಕೆ ಶುರುಮಾಡಿದ. ಅದರ ತುಂಬ ಓದುಗರ ಪ್ರಶ್ನೆಗಳು ಮತ್ತು ಅವಕ್ಕೆ ಉತ್ತರಗಳು. ಧರ್ಮ, ಗಣಿತ, ಪ್ರೇಮ, ಮದುವೆ, ಏನನ್ನಾದರೂ ಕೇಳಬಹುದಿತ್ತು; ಹೆಸರು ಹೇಳಬೇಕಿರಲಿಲ್ಲ. ಉತ್ತರಿಸುವುದು ಪಂಡಿತರ ದೊಡ್ಡ ಮಂಡಳಿ ಎಂದು ಓದುಗರು ನಂಬಿದ್ದರು. ನಿಜವಾಗಿ ಇದ್ದವರು ಬೆರಳೆಣಿಕೆಯ ಜನ: ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್, ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ, ಜೊತೆಗೆ ಆಗಾಗ ಜಾನ್ ನಾರಿಸ್.

1849ರಲ್ಲಿ ವಿಲಿಯಂ ಥಾಮ್ಸ್ ಇನ್ನೊಂದು ದಾರಿ ಹಿಡಿದ. ಅವನ 'ನೋಟ್ಸ್ ಅಂಡ್ ಕ್ವೆರೀಸ್' ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ಓದುಗರೇ ಉತ್ತರಿಸುತ್ತಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಂದಿನ ಸಂಚಿಕೆಯಲ್ಲಿ ತಿದ್ದಬಹುದಿತ್ತು.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಕಟ್ಟಿದ ಸ್ಟಾಕ್ ಓವರ್‌ಫ್ಲೋ ಥಾಮ್ಸ್‌ನ ವಂಶದ್ದು. ಅಲ್ಲಿ ಉತ್ತರಕ್ಕೆ ಓಟು ಬೀಳುತ್ತದೆ, ಕೆಳಗೆ ತಕರಾರು ಬರುತ್ತದೆ, ತಿದ್ದುಪಡಿಯ ಚರಿತ್ರೆ ಉಳಿಯುತ್ತದೆ. ನನ್ನ ತಲೆಮಾರಿನ ಐಟಿಯವರು ಅರ್ಧ ಕೆಲಸ ಕಲಿತದ್ದು ಅಲ್ಲೇ. ಹೊಸಬರನ್ನು ಗದರಿಸಿ, ಪ್ರಶ್ನೆಯನ್ನೇ ಮುಚ್ಚಿಹಾಕುವ ಒರಟುತನವೂ ಅಲ್ಲಿತ್ತು, ಸುಳ್ಳಲ್ಲ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಒಂದು ವಾರ ಕಳೆಯುವುದರೊಳಗೆ ಸ್ಟಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ನಿಷೇಧಿಸಿತು: ನೋಡಲು ಸರಿ, ಆದರೆ ತಪ್ಪುಗಳು ಬಹಳ ಎಂಬುದು ಕಾರಣ. 2024ರ ಮೇ ತಿಂಗಳಲ್ಲಿ ಅದೇ ಸ್ಟಾಕ್ ಓವರ್‌ಫ್ಲೋ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಿತು. ಸಿಟ್ಟಾದ ಕೆಲವರು ತಮ್ಮ ಹಳೆಯ ಉತ್ತರಗಳನ್ನು ಅಳಿಸಲು ಹೊರಟರು. ಈ ನಡುವೆ ಅಲ್ಲಿ ಕೇಳುವವರ ಸಂಖ್ಯೆ ತೀವ್ರವಾಗಿ ಕುಸಿದಿದೆ.

ಯಂತ್ರ ಗದರಿಸುವುದಿಲ್ಲ, ನಡುರಾತ್ರಿಯೂ ಉತ್ತರಿಸುತ್ತದೆ. ಒಂದೇ ದನಿ, ತುಂಬು ಆತ್ಮವಿಶ್ವಾಸ, ಹಿಂದೆ ಯಾರಿದ್ದಾರೋ ಕಾಣದು. ಇಷ್ಟರಲ್ಲಿ ಅದು ಡಂಟನ್ನನ ಮಂಡಳಿಯಂತೆಯೇ. ಆದರೆ ಒಂದು ವ್ಯತ್ಯಾಸವಿದೆ. ಡಂಟನ್ ಉತ್ತರಗಳನ್ನು ಅಚ್ಚುಹಾಕುತ್ತಿದ್ದ; ಊರೆಲ್ಲ ಓದಿ ಜಗಳವಾಡಬಹುದಿತ್ತು. ಯಂತ್ರದ ಉತ್ತರ ಕೇಳಿದವನ ಪರದೆಯಲ್ಲೇ ಮುಗಿಯುತ್ತದೆ. ತಪ್ಪಿದ್ದರೆ ತಿದ್ದಲು ಮೂರನೆಯವರಿಲ್ಲ, ಸರಿಯಿದ್ದರೂ ಇನ್ನೊಬ್ಬರಿಗೆ ದಕ್ಕುವುದಿಲ್ಲ.

1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ 'ಇಗೋ ಕನ್ನಡ' ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ಓದುಗರ ಪದಸಂದೇಹಗಳಿಗೆ ಉತ್ತರಿಸುತ್ತಿದ್ದರು. ಒಬ್ಬರು ಕೇಳಿದ್ದು ನಾಡಿಗೆಲ್ಲ ಸಿಗುತ್ತಿತ್ತು, ಉತ್ತರದ ಹೊಣೆ ಹೊರಲು ಒಂದು ಹೆಸರಿತ್ತು.

ನಾಳೆ ಬರುವ ಹೊಸ ಸಾಫ್ಟ್‌ವೇರಿನ ಹೊಸ ತೊಡಕನ್ನು ಮೊದಲು ಯಾರೋ ಮನುಷ್ಯರು ಬಿಡಿಸಿ ಬರೆದಿಡದಿದ್ದರೆ ಯಂತ್ರ ಕಲಿಯುವುದಾದರೂ ಎಲ್ಲಿಂದ? ನಮ್ಮ ತಂಡದಲ್ಲಿ ಈಗ ಒಂದು ನಿಯಮವಿದೆ: ಉತ್ತರ ಯಂತ್ರದಿಂದಲೇ ಬಂದಿರಲಿ, ಪರೀಕ್ಷಿಸಿದವರು ತಮ್ಮ ಹೆಸರು ಹಾಕಿ ಎಲ್ಲರೂ ನೋಡುವಲ್ಲಿ ಬರೆದಿಡಬೇಕು.