ಡಿಜೆ ಎಂಬ ನಪುಂಸಕಲಿಂಗ

ಗಣೇಶನ ಮೆರವಣಿಗೆಯ ದಿನ ಬೂದಿಕೋಟೆ, ಬಂಗಾರಪೇಟೆ ಸೀಮೆಯಲ್ಲಿ ಕೇಳುವ ಪ್ರಶ್ನೆ: ‘ಡಿಜೆ ಬಂತಾ?’ ‘ಬಂದನಾ’, ‘ಬಂದರಾ’ ಎಂದು ಯಾರೂ ಕೇಳುವುದಿಲ್ಲ. ಬರುವುದು ಆಳೆತ್ತರದ ಬಾಕ್ಸುಗಳನ್ನು ಹೇರಿಕೊಂಡ ಗಾಡಿ. ಅದನ್ನು ನುಡಿಸುವ ಹುಡುಗನಿಗೆ ‘ಆಪರೇಟರ್’ ಎಂಬ ಬೇರೆ ಹೆಸರಿದೆ. ಮನುಷ್ಯನನ್ನು ಕರೆಯಲು ಹುಟ್ಟಿದ ಪದ ಇಲ್ಲಿ ವಸ್ತುವಾಗಿದೆ ಎಂಬುದಕ್ಕೆ ಆ ಒಂದು ಕ್ರಿಯಾಪದವೇ ಸಾಕ್ಷಿ.

ಡಿಜೆ ಅಂದರೆ ಡಿಸ್ಕ್ ಜಾಕಿ. ಇಂಗ್ಲಿಷಿನ ‘ಜ್ಯಾಕ್’ ಸ್ಕಾಟ್ಲೆಂಡಿನವರ ಬಾಯಲ್ಲಿ ‘ಜಾಕ್’ ಆಗಿ, ಅದರ ಮುದ್ದುರೂಪವಾಗಿ ‘ಜಾಕಿ’ ಬಂತು. ಮೊದಲು ಯಾವನೋ ಸಾಮಾನ್ಯ ಹುಡುಗ, ಆಮೇಲೆ ರೇಸಿನ ಕುದುರೆ ಸವಾರ. ರೇಡಿಯೋದಲ್ಲಿ ಪ್ಲೇಟು ಹಾಕುತ್ತಿದ್ದ ಮಾರ್ಟಿನ್ ಬ್ಲಾಕ್‌ನನ್ನು ಅಮೆರಿಕದ ಅಂಕಣಕಾರ ವಾಲ್ಟರ್ ವಿಂಚೆಲ್ 1935ರಲ್ಲಿ ‘ಡಿಸ್ಕ್ ಜಾಕಿ’ ಎಂದನೆಂಬ ಮಾತಿದೆ. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಆ ಹೆಸರಿನ ಸರ್ಕಾರಿ ಬಾನುಲಿಯಲ್ಲಿ ಹಾಡು ಕೇಳಿಸಿದವರು ‘ಉದ್ಘೋಷಕರು’. ಜಾಕಿ ನಮ್ಮ ಕಿವಿಗೆ ಬಿದ್ದದ್ದು 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದು ‘ಆರ್‌ಜೆ’ಗಳು, ಅಂದರೆ ರೇಡಿಯೋ ಜಾಕಿಗಳು, ಹುಟ್ಟಿದ ಮೇಲೆ. ಆರ್‌ಜೆ ಮಾತ್ರ ಇಂದಿಗೂ ಮನುಷ್ಯರೇ: ‘ಆರ್‌ಜೆ ಬಂದರು’.

ಪದ ಮೊದಲು ಹೊರಳಿದ್ದು ಜಮೈಕಾದಲ್ಲಿ. ಕಿಂಗ್‌ಸ್ಟನ್ನಿನ ಬೀದಿ ಕುಣಿತಕ್ಕೆ ದೊಡ್ಡ ಬಾಕ್ಸುಗಳ ‘ಸೌಂಡ್ ಸಿಸ್ಟಮ್’ ಬರುತ್ತಿತ್ತು. ಪ್ಲೇಟು ಆರಿಸಿ ಹಾಕುವವನು ಅಲ್ಲಿ ‘ಸೆಲೆಕ್ಟರ್’. ತಾಳದ ಮೇಲೆ ಮೈಕ್ ಹಿಡಿದು ಮಾತು ಹೆಣೆಯುವವನೇ ‘ಡೀಜೆ’. ಆ ಊರಲ್ಲಿ 1955ರಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಸೇರಿ ಕೂಲ್ ಹರ್ಕ್ ಆದ. 1973ರ ಆಗಸ್ಟ್ 11ರಂದು ಅವನ ತಂಗಿ ಸಿಂಡಿ, ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ತಮ್ಮ ಕಟ್ಟಡದಲ್ಲೇ ಕುಣಿತ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಿಪ್‌ಹಾಪ್‌ನ ಹುಟ್ಟುಹಬ್ಬ ಎಂದು ಆ ದಿನವನ್ನೇ ಎಣಿಸುತ್ತಾರೆ. ಹಾಡಿಕೆ ನಿಂತು ಬರೀ ಡ್ರಮ್ ಕೇಳುವ ‘ಬ್ರೇಕ್’ ಬಂದಾಗ ಜನ ಹುಚ್ಚೆದ್ದು ಕುಣಿಯುವುದನ್ನು ಹರ್ಕ್ ಗಮನಿಸಿದ. ಒಂದೇ ಹಾಡಿನ ಎರಡು ಪ್ಲೇಟುಗಳನ್ನು ಅಕ್ಕಪಕ್ಕ ತಿರುಗಿಸಿ, ಇಲ್ಲಿ ಮುಗಿದ ಬ್ರೇಕನ್ನು ಅಲ್ಲಿ ಮತ್ತೆ ಶುರುಮಾಡಿ ಹಿಗ್ಗಿಸಿದ. ಡಿಜೆ ಹೀಗೆ ಬಾಯಿಂದ ಕೈಗೆ ಇಳಿದ. ಬಾಯಿ, ಮೈಕ್ ಹಿಡಿಯುವ ‘ಎಂಸಿ’ಯ ಪಾಲಾಯಿತು.

ಹೆಸರೂ ಬಾಯಿಗೇ ಹೋಯಿತು. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಪ್ಲೇಟು ಗೆದ್ದಾಗ ಅದರ ತಾಳ ನುಡಿಸಿದ್ದು ಸ್ಟುಡಿಯೋ ವಾದ್ಯಗಾರರು. 1980ರ ದಶಕದಲ್ಲಿ ಮಾರ್ಲಿ ಮಾರ್ಲ್‌ನಂಥವರು ಸ್ಯಾಂಪ್ಲರ್ ಯಂತ್ರದ ಮುಂದೆ ಕುಳಿತು, ಡಿಜೆತನವನ್ನು ‘ಪ್ರೊಡ್ಯೂಸರ್’ ಎಂಬ ಕಸುಬಾಗಿ ಬೆಳೆಸಿದರು. ನಮ್ಮ ಸಿನಿಮಾದ ಪ್ರೊಡ್ಯೂಸರ್ ದುಡ್ಡು ಹಾಕುವವರು. ಹಿಪ್‌ಹಾಪ್‌ನಲ್ಲಿ ಅದು ತಾಳ ಕಟ್ಟುವವನ ಹೆಸರು. ಇದಕ್ಕೆಲ್ಲ ನಾಂದಿ ಹಾಡಿದ ಹರ್ಕ್‌ನಿಗೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು ತಡವಾಗಿ, 2023ರಲ್ಲಿ.

ನಮ್ಮ ಹಳ್ಳಿಗಳಲ್ಲಿ ಡಿಜೆಗೆ ಮುಂಚೆ ಇದ್ದದ್ದು ಮೈಕ್‌ಸೆಟ್ಟು. ಮೈಕ್ ದನಿಯನ್ನು ಒಳಗೆ ಎಳೆದುಕೊಳ್ಳುವ ಸಲಕರಣೆ. ನಾವು ಹೊರಗೆ ಕೂಗುವ ಹಾರನ್ನಿಗೇ ‘ಮೈಕು’ ಎಂದೆವು. ಕಣ್ಣಿಗೆ ದೊಡ್ಡದಾಗಿ ಕಂಡದ್ದಕ್ಕೆ ಹೆಸರು ಕೊಡುವ ಅದೇ ರೂಢಿಯಲ್ಲಿ ಡಿಜೆಯೂ ಬಾಕ್ಸಾಯಿತು. ಪೆನ್‌ಡ್ರೈವ್ ಬಂದಮೇಲೆ ಡಿಸ್ಕೂ ಇಲ್ಲ, ಜಾಕಿಯೂ ಇಲ್ಲ. ಆದರೂ ಬೀದಿಗಿಳಿದ ಈ ಗಾಡಿ ನಗರದ ಪಬ್ಬಿಗಿಂತ ಕಿಂಗ್‌ಸ್ಟನ್ನಿಗೇ ಹತ್ತಿರದ ನೆಂಟ.

ಬೂದಿಕೋಟೆಗೆ ಇನ್ನೊಂದು ಚರಿತ್ರೆಯೂ ಇದೆ. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 2000ದ ದಶಕದ ಆರಂಭದಲ್ಲಿ ಇಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕಟ್ಟಿದವು. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಪರವಾನಗಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಕಾಯದೆ, ಟಿವಿ ಕೇಬಲ್ಲಿನಲ್ಲೇ ಊರಿನವರ ಮಾತನ್ನು ಮನೆಮನೆಗೆ ಹರಿಸಿದರು. ಅಲ್ಲಿ ‘ಧ್ವನಿ’ ಎಂದರೆ ಮಾತಾಡುವ ಮನುಷ್ಯರು.

ಕಾನೂನಿಗೆ ಮಾತ್ರ ಕಾಣುವುದು ಯಂತ್ರ: 2000ದ ಶಬ್ದಮಾಲಿನ್ಯ ನಿಯಮಗಳ ಕಣ್ಣು ಇರುವುದು ಧ್ವನಿವರ್ಧಕದ ಮೇಲೆ. ಆ ನಿರ್ಬಂಧವನ್ನೇ ಜನ ‘ಡಿಜೆ ಬ್ಯಾನ್’ ಎನ್ನುತ್ತಾರೆ. ಸದ್ದು ಮಿತಿಮೀರಿದರೆ ಬೈಗುಳ ಡಿಜೆಗೆ, ಕುಣಿತ ಕಳೆಗಟ್ಟಿದರೆ ಹೊಗಳಿಕೆಯೂ ಡಿಜೆಗೆ. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಎಂದು ಲೆಕ್ಕಹಾಕಿದ ಆಪರೇಟರ್ ಹುಡುಗ ಎರಡರಲ್ಲೂ ಇಲ್ಲ.