ಬಾಣಲೆಯ ಮುಂದೊಂದು ಮುಗುಳ್ನಗೆ

ಒಲೆ ಹೊತ್ತಿಸುವುದು, ಪಾತ್ರೆ ತೊಳೆಯುವುದು, ಹರಿದ ಚಪ್ಪಲಿ ಹೊಲಿಯುವುದು ಚರಿತ್ರೆಯ ಪುಟಗಳಿಗೆ ಸಲ್ಲುವ ಸಂಗತಿಗಳಲ್ಲವೆಂದು ನಾವು ಎಣಿಸುತ್ತೇವೆ. ಆದರೆ ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಇಂಥ ಕೆಲಸಗಳನ್ನೇ ಮಾಡಿಕೊಂಡಿದ್ದು ಚರಿತ್ರೆಯಲ್ಲಿ ಉಳಿದವರೊಬ್ಬರಿದ್ದಾರೆ. ಅವರು ಕಾರ್ಮೆಲ್ ಸಭೆಯ ಸಹೋದರ ಲಾರೆನ್ಸ್.

ಅವರ ಮೊದಲ ಹೆಸರು ನಿಕೊಲಾ ಎರ್ಮಾನ್. 1614ರ ಸುಮಾರಿಗೆ ಲೊರೇನ್ ಪ್ರಾಂತದಲ್ಲಿ ಜನಿಸಿದ ಅವರು ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡರು, ಕಾಲು ಊನವಾಯಿತು. ಬಳಿಕ ಸಿರಿವಂತರೊಬ್ಬರ ಮನೆಯಲ್ಲಿ ಊಳಿಗಕ್ಕೆ ನಿಂತರು. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಒರಟು ಆಳು ತಾನಾಗಿದ್ದೆನೆಂದು ಮುಂದೆ ಅವರೇ ಹೇಳಿಕೊಂಡರು. 1640ರಲ್ಲಿ ಮಠ ಸೇರುವಾಗ, ಈ ಒರಟುತನಕ್ಕಾಗಿ ಅಲ್ಲಿ ತನ್ನ ಚರ್ಮ ಸುಲಿಯುವರೆಂದೇ ಭಾವಿಸಿದ್ದರಂತೆ. ಆದರೆ ದೊರೆತದ್ದು ಸಂತೃಪ್ತಿ! ದೇವರು ತನಗೆ ಮೋಸಮಾಡಿದರೆಂಬುದು ಅವರ ವಿನೋದದ ದೂರು.

ಈ ವಿನೋದ ಸುಲಭವಾಗಿ ಬಂದುದಲ್ಲ. ಮಠದ ಮೊದಲ ಕೆಲವು ವರ್ಷ ಅವರಿಗೆ ತನ್ನ ಆತ್ಮರಕ್ಷಣೆಯ ಕುರಿತೇ ಅಂಜಿಕೆ. ಅಡುಗೆಮನೆಯ ಕೆಲಸವೋ ಸ್ವಭಾವತಃ ಅವರಿಗೆ ಒಗ್ಗದ್ದು. ಆದರೂ ಅಲ್ಲಿ ಹದಿನೈದು ವರ್ಷ ದುಡಿದರು. ಬಾಣಲೆಯಲ್ಲಿ ಪುಟ್ಟ ಆಮ್ಲೆಟ್ ಮಗುಚುವುದನ್ನೂ, ನೆಲದಿಂದ ಹುಲ್ಲುಕಡ್ಡಿ ಎತ್ತುವುದನ್ನೂ ದೇವರ ಮೇಲಿನ ಪ್ರೀತಿಗಾಗಿಯೇ ಮಾಡಲು ಕಲಿತರು. ಮುಂದೆ ಅವರ ಪಾಲಿಗೆ ಬಂದದ್ದು ಮಠವಾಸಿಗಳ ಪಾದರಕ್ಷೆ ಹೊಲಿಯುವ ಕೆಲಸ.

ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಅವರನ್ನು ಬರ್ಗಂಡಿಗೆ ಕಳುಹಿಸಲಾಯಿತು. ವ್ಯಾಪಾರ ತಿಳಿಯದು, ಕಾಲು ಸಾಗದು. ದೋಣಿಯಲ್ಲಿ ಓಡಾಡಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕು! ಇದು ನಿಮ್ಮದೇ ಕೆಲಸವೆಂದು ದೇವರಿಗೆ ಒಪ್ಪಿಸಿ ಹೊರಟರು. ಹೇಗೋ ಎಲ್ಲವೂ ಸಾಂಗವಾಗಿ ನೆರವೇರಿತು.

1666ರಲ್ಲಿ ಅವರನ್ನು ಮೊದಲು ಭೇಟಿಯಾದ ಗುರು ಜೋಸೆಫ್ ದ ಬೋಫೋರ್ ಈ ಮಾತುಕತೆಗಳನ್ನು ಬರೆದಿಟ್ಟರು. 1691ರಲ್ಲಿ ಲಾರೆನ್ಸ್ ನಿಧನರಾದರು. ಆ ಬಳಿಕ ಅವು ಅಚ್ಚಾದವು. ಹೀಗೆ ಒಬ್ಬ ಕುಂಟ ಅಡುಗೆಯವನ ಆಮ್ಲೆಟ್ಟು, ಪೀಪಾಯಿಗಳು ನಮ್ಮವರೆಗೂ ಬಂದಿವೆ.

ವಾಚಕರೇ, ಇಷ್ಟವಾದ ಕೆಲಸ ನಮಗೆಲ್ಲರಿಗೂ ಸಿಗುವುದಿಲ್ಲ, ಲಾರೆನ್ಸರಿಗೂ ಸಿಗಲಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ದೋಸೆ ಕಾವಲಿಗೆ ಅಂಟಿಕೊಂಡಾಗ, ಹಾಲು ಉಕ್ಕಿ ಒಲೆಯೆಲ್ಲ ಹರಿದಾಗ, ಅವರನ್ನು ಒಮ್ಮೆ ನೆನೆಯಿರಿ. ತನ್ನನ್ನು ಕಂಡು ತಾನೇ ನಗಬಲ್ಲವರಿಗೆ ಆ ಒಲೆಯನ್ನು ಒರೆಸುವುದು ಅಷ್ಟೇನೂ ಭಾರವಾಗದು.