ತೀರ್ಪಿನಲ್ಲಿಲ್ಲದ ಜಾತಿ

ವಿಶಾಖಾ ತೀರ್ಪಿನ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಆ ಹೆಂಗಸು ಯಾವ ಜನ ಸಾರ್?’ ಪಠ್ಯದಲ್ಲಿರಲಿಲ್ಲ. ಮನೆಗೆ ಬಂದು ಮೂಲ ತೀರ್ಪನ್ನೇ ತೆಗೆದು ನೋಡಿದೆ. ಅಲ್ಲೂ ಇಲ್ಲ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಸಮಾಜಸೇವಕಿಯ ಮೇಲೆ ನಡೆಯಿತೆನ್ನಲಾದ ಸಾಮೂಹಿಕ ಅತ್ಯಾಚಾರವೇ ಅರ್ಜಿಗೆ ಕಾರಣ, ಅದು ಬೇರೆ ಮೊಕದ್ದಮೆ, ಇಲ್ಲಿ ಹೆಚ್ಚಿನ ಪ್ರಸ್ತಾಪ ಬೇಡ ಎಂದು ಸುಪ್ರೀಂ ಕೋರ್ಟು ಮುಂದೆ ಹೋಗಿಬಿಟ್ಟಿದೆ. ಹೆಸರು ಹೇಳದಿದ್ದುದು ಸರಿ. ನನ್ನ ತಕರಾರಿರುವುದು ಜಾತಿ ಹೇಳದಿದ್ದುದರ ಬಗ್ಗೆ.

ಭಂವರಿ ದೇವಿ ಕುಂಬಾರ ಜಾತಿಯವರು. ದಲಿತರಲ್ಲ, ಹಾಗಾಗಿ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇಲ್ಲ. ಜೈಪುರದ ಹತ್ತಿರದ ಭಟೇರಿಯಲ್ಲಿ 1985ರಿಂದ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ ಆಗಿದ್ದರು. 1992ರಲ್ಲಿ ಬಾಲ್ಯವಿವಾಹ ತಡೆಯಿರಿ ಅಂತ ಸರ್ಕಾರ ಹೇಳಿತು. ಆಕೆ ಗುಜ್ಜರರ ಮನೆಗೆ ಹೋಗಿ ವರ್ಷ ತುಂಬದ ಕೂಸಿನ ಮದುವೆ ಬೇಡವೆಂದರು. ಪೊಲೀಸರು ಬಂದುಹೋದರು, ಮದುವೆಯೂ ನಡೆದುಹೋಯಿತು. ಊರು ಬಹಿಷ್ಕಾರ ಹಾಕಿತು. ಆಕೆ ಮಾಡಿದ ಮಡಕೆ ಕೊಳ್ಳುವವರಿಲ್ಲ. ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನನ್ನು ಬಡಿದು ಆಕೆಯ ಮೇಲೆ ಎರಗಿದರು. ಠಾಣೆಯಲ್ಲಿ ಸಾಕ್ಷ್ಯಕ್ಕೆಂದು ಲಂಗ ಬಿಚ್ಚಿಸಿಕೊಂಡರು. ಗಂಡನ ರಕ್ತ ಹತ್ತಿದ ಪೇಟ ಸುತ್ತಿಕೊಂಡು ಆಕೆ ರಾತ್ರಿಯಲ್ಲಿ ನಡೆದರು.

1995ರ ನವೆಂಬರಿನಲ್ಲಿ ಸೆಷನ್ಸ್ ಕೋರ್ಟು ಆಪಾದಿತರನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಕೊಟ್ಟ ಕಾರಣಗಳಲ್ಲೊಂದು: ಮೇಲುಜಾತಿಯವರು ಕೆಳಜಾತಿಯ ಹೆಂಗಸಿನಿಂದ ಮೈಲಿಗೆ ಮಾಡಿಕೊಳ್ಳುವವರಲ್ಲ. ಹಗಲಿನ ಮಡಿ ಕತ್ತಲಿಗಿಲ್ಲ ಅನ್ನೋದು ನಮ್ಮ ಕೇರಿಯ ಯಾವ ಅಜ್ಜಿಗೆ ಗೊತ್ತಿಲ್ಲ?

ಈ ನಡುವೆ ನಡೆದ ಇನ್ನೊಂದು ಸಂಗತಿಯನ್ನು ನಮ್ಮ ಸ್ತ್ರೀವಾದಿ ಚರಿತ್ರೆ ಅಷ್ಟಾಗಿ ಗಮನಿಸಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿದ್ದು 1993ರ ಜುಲೈನಲ್ಲಿ. ಆಗ ಒಂದು ಘೋಷಣೆಯನ್ನೂ ಲಗತ್ತಿಸಿತು. ರೂಢಿ, ಮದುವೆ, ಕುಟುಂಬದ ವಿಷಯದಲ್ಲಿ ಯಾವುದೇ ಸಮುದಾಯದ ಖಾಸಗಿ ವ್ಯವಹಾರಗಳಲ್ಲಿ, ಆ ಸಮುದಾಯವೇ ಮುಂದೆ ಬಂದು ಒಪ್ಪದ ಹೊರತು, ತಾನು ಕೈಹಾಕುವುದಿಲ್ಲವೆಂದು. ಅಂದರೆ, ಮದುವೆಗೆ ಕೈಹಾಕು ಎಂದು ಕುಂಬಾರ ಹೆಣ್ಣೊಬ್ಬಳನ್ನು ಗುಜ್ಜರರ ಮನೆಗೆ ಅಟ್ಟಿದ ಪ್ರಭುತ್ವ, ಆಕೆ ಅದಕ್ಕೆ ದಂಡ ತೆತ್ತ ಹತ್ತು ತಿಂಗಳಿಗೆ, ನಾನಂತೂ ಕೈಹಾಕುವುದಿಲ್ಲ ಅಂತ ಲೋಕಕ್ಕೆ ಬರೆದುಕೊಟ್ಟಿತು! ಸಮುದಾಯದ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ? ಭಟೇರಿಯಲ್ಲಿ ಅದನ್ನು ಕೊಡುವವರು ಬಹಿಷ್ಕಾರ ಹಾಕಿದವರೇ.

1997ರ ಆಗಸ್ಟ್ 13ರ ವಿಶಾಖಾ ತೀರ್ಪು ದೊಡ್ಡದು, ಅಲ್ಲಗಳೆಯುವುದಿಲ್ಲ. ದೇಶದಲ್ಲಿ ಕಾನೂನಿಲ್ಲದ ಕಡೆ ಅದೇ ಒಡಂಬಡಿಕೆಯನ್ನು ಸಂವಿಧಾನದ 14, 19, 21ನೇ ವಿಧಿಗಳೊಳಗೆ ಓದಿಕೊಳ್ಳಬಹುದೆಂದು ಹೇಳಿ, ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ಕೊಟ್ಟಿತು. ಆದರೆ ಒಳಗೆ ಬಂದದ್ದು ಜಾತಿಯಿಲ್ಲದ ‘ಮಹಿಳೆ’, ಮಾಲೀಕನಿರುವ ‘ಕೆಲಸದ ಸ್ಥಳ’. ಇಡೀ ಊರೇ ಕೆಲಸದ ಸ್ಥಳವಾದವಳ ದೂರು ಸಮಿತಿ ಯಾವ ಜಗಲಿಯಲ್ಲಿ ಕೂರಬೇಕಿತ್ತು?

ಜಾತಿಯ ಬಾಗಿಲು ಬೇರೆಯೇ ಇತ್ತು ಅನ್ನಬಹುದು. ಜನಾಂಗ ತಾರತಮ್ಯದ ಒಡಂಬಡಿಕೆಗೆ 1965ರಲ್ಲಿ ‘ವಂಶಮೂಲ’ ಎಂಬ ಪದ ಸೇರಿಸಲು ಸೂಚಿಸಿದ್ದೇ ಭಾರತ. 2001ರಲ್ಲಿ ಡರ್ಬನ್ನಿನಲ್ಲಿ ದಲಿತರು ಆ ಬಾಗಿಲು ತಟ್ಟಿದಾಗ, ಜಾತಿ ಜನಾಂಗವಲ್ಲ ಅಂದದ್ದೂ ಅದೇ ಭಾರತ.

ಮಾರ್ಗಸೂಚಿ 2013ರಲ್ಲಿ ಕಾಯ್ದೆಯಾಯಿತು. ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನಲ್ಲೂ ಸಮಿತಿಯ ಪಟ್ಟಿ ಇದೆ. ಭಂವರಿ ದೇವಿಯ ಮೇಲ್ಮನವಿಗೆ 2007ರ ಹೊತ್ತಿಗೆ ಹೈಕೋರ್ಟಿನಲ್ಲಿ ನಡೆದದ್ದು ಒಂದೇ ಒಂದು ವಿಚಾರಣೆ. ಅಷ್ಟರಲ್ಲಿ ಆಪಾದಿತರಲ್ಲಿ ಇಬ್ಬರು ಸತ್ತಿದ್ದರು.